ಅನ್ಯಗ್ರಹದವರಿಗೆ ಊಟಕ್ಕೇನು?

ಭೂಮಿಯ ಮೇಲೆ ದಂಡೆತ್ತಿ ಬರುವ ಅನ್ಯಗ್ರಹಜೀವಿಗಳ ಸಿನಿಮಾ ತೆಗೆಯುವವರು ಮೊದಲು ಅವರ ಊಟದ ವಿಚಾರ ಇತ್ಯರ್ಥ ಮಾಡಿಕೊಳ್ಳಬೇಕು. ಹಡಗು ಎಷ್ಟು ದೊಡ್ಡದು, ಕಣ್ಣು ಎಷ್ಟಿವೆ ಎಂಬುದೆಲ್ಲ ಆಮೇಲೆ. ಅಷ್ಟು ದೂರದಿಂದ ಬಂದವರಿಗೆ ಹಸಿವು ಯಾವುದರದೆಂದು ಗೊತ್ತಾಗದಿದ್ದರೆ ನಾವು ಹೆದರುವುದಾದರೂ ಯಾಕೆ? 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಎಚ್.ಜಿ. ವೆಲ್ಸ್ ಈ ಲೆಕ್ಕವನ್ನು ಚೊಕ್ಕವಾಗಿ ಇಟ್ಟಿದ್ದ. ಮಂಗಳ ತಣ್ಣಗಾಗುತ್ತಿದೆ, ಅಲ್ಲಿಯವರಿಗೆ ಬೆಚ್ಚಗಿನ ನೆಲ ಬೇಕು. ಊಟಕ್ಕೆ ಮನುಷ್ಯರ ರಕ್ತ; ಅದನ್ನು ನೇರವಾಗಿ ತಮ್ಮ ನಾಳಗಳಿಗೇ ಏರಿಸಿಕೊಳ್ಳುತ್ತಾರೆ. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯೂರೋಪಿನವರು ಮಾಡಿದ್ದೇನು ಎಂಬುದನ್ನು ಮೊದಲ ಅಧ್ಯಾಯದಲ್ಲೇ ನೆನಪಿಸಿ, ಈಗ ನಿಮ್ಮ ಸರದಿ ಎಂಬಂತೆ ವೆಲ್ಸ್ ಇಂಗ್ಲಿಷರನ್ನು ಅವರ ಜಾಗದಲ್ಲಿ ಕೂರಿಸಿಬಿಡುತ್ತಾನೆ. ವಸಾಹತುಗಾರನಿಗೆ ಈ ಹಸಿವಿನ ಪರಿಚಯ ಚೆನ್ನಾಗಿಯೇ ಇತ್ತು, ಆದ್ದರಿಂದ ಭಯವೂ ನಿಜವಾಗಿತ್ತು.

ಇದೇ ಕಥೆಯನ್ನು 2025ರಲ್ಲಿ ರಿಚ್ ಲೀ ಎಂಬ ನಿರ್ದೇಶಕ ಮತ್ತೆ ತೆರೆಗೆ ತಂದ. ಈ ಬಾರಿ ಬಂದವರು ತಿನ್ನುವುದು ಡೇಟಾ! ಕೋಟಿಗಟ್ಟಲೆ ಮೈಲಿ ಕ್ರಮಿಸಿ, ಉಲ್ಕೆಗಳಂತೆ ಧುಮುಕಿ, ಊರೂರು ಪುಡಿಗಟ್ಟಿ, ಕೊನೆಗೆ ಸರ್ವರ್‌ಗಳಿಗೆ ಬಾಯಿ ಹಾಕುತ್ತಾರೆ. ಗುಡ್ಡ ಅಗೆದು ಇಲಿ ಹಿಡಿದವನೂ ಇವರಿಗಿಂತ ಲಾಭದಲ್ಲಿದ್ದ. ಈ ಕಾಲದಲ್ಲಿ ಡೇಟಾವೇ ಸಂಪತ್ತಲ್ಲವೇ, ಕಳ್ಳ ಅದನ್ನೇ ಕದಿಯಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಸಂಪತ್ತಿಗೆ ಒಂದು ವಿಚಿತ್ರ ಗುಣವಿದೆ: ನಕಲು ಮಾಡಿಕೊಂಡು ಹೋದರೆ ಅಸಲು ಇದ್ದಲ್ಲೇ ಇರುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ನಾವು ರೇಡಿಯೊ ಅಲೆಗಳನ್ನು ಆಕಾಶಕ್ಕೆ ಪುಕ್ಕಟೆಯಾಗಿ ಚೆಲ್ಲುತ್ತಲೇ ಇದ್ದೇವೆ. ಅಷ್ಟು ಬುದ್ಧಿವಂತರು ಚಂದ್ರನ ಮೇಲೆ ನಮಗೆದುರಾಗಿ ಎಲ್ಲೋ ಒಂದು ಆಂಟೆನಾ ನೆಟ್ಟುಕೊಂಡು ಕೂತಲ್ಲೇ ಹೊಟ್ಟೆ ತುಂಬಿಸಿಕೊಳ್ಳಬಹುದಿತ್ತು. ನಮ್ಮ ‘ಶುಭೋದಯ’ದ ಗುಲಾಬಿ ಚಿತ್ರಗಳನ್ನೂ ಸೇರಿಸಿ ತಿಂದ ಮೇಲೆ ಅಜೀರ್ಣವಾಗದೆ ಇರುತ್ತಿತ್ತೇ ಎಂಬುದು ಬೇರೆ ಮಾತು.

ಪಾಪ, ಈ ಚಿತ್ರವನ್ನು ಕೋವಿಡ್ ಕಾಲದಲ್ಲಿ, 2020ರಲ್ಲಿ, ಚಿತ್ರೀಕರಿಸಿದ್ದು. ನಟರು ಒಬ್ಬರ ಹತ್ತಿರ ಒಬ್ಬರು ನಿಲ್ಲುವಂತಿರಲಿಲ್ಲ, ಅದಕ್ಕೇ ಇಡೀ ಕಥೆ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ ಎಂದು ವಕಾಲತ್ತು ವಹಿಸುವವರಿದ್ದಾರೆ. ಸರಕಾರಿ ಕಚೇರಿಯಲ್ಲಿ ಕುಳಿತ ನಾಯಕ ನಟ ಐಸ್ ಕ್ಯೂಬ್ ಪ್ರಳಯವನ್ನೆಲ್ಲ ಕಿಟಕಿ ಬದಲಿಸಿ ಬದಲಿಸಿ ನೋಡುತ್ತ ಗದರುವುದೇ ಇಲ್ಲಿನ ಮುಖ್ಯ ಸಾಹಸ. ಸಲಕರಣೆಗಳ ಬಡತನದ ಬಗ್ಗೆ ನನ್ನ ತಕರಾರಿಲ್ಲ. 1938ರ ಅಕ್ಟೋಬರ್ 30ರಂದು ಇದೇ ಕಥೆಯನ್ನು ರೇಡಿಯೊದಲ್ಲಿ ಪ್ರಸಾರ ಮಾಡಿದ ಆರ್ಸನ್ ವೆಲ್ಸ್ ಕೈಯಲ್ಲಿ ಒಂದು ಪರದೆಯೂ ಇರಲಿಲ್ಲ. ದೇಶವೇ ಬೀದಿಗಿಳಿಯಿತೆಂದು ಮರುದಿನದ ಪತ್ರಿಕೆಗಳು ಬರೆದದ್ದು ಉತ್ಪ್ರೇಕ್ಷೆ, ನಿಜ. ಆದರೂ ಬರೀ ದನಿ ನಂಬಿ ಹೆದರಿದವರು ಇದ್ದರು. ಇನ್ನು ಪರದೆಯ ತಂತ್ರವನ್ನು ದೂರೋಣವೆಂದರೆ, 2018ರ ‘ಸರ್ಚಿಂಗ್’ ಅಡ್ಡ ಬರುತ್ತದೆ. ಅದೂ ಪೂರ್ತಿ ಪರದೆಗಳ ಮೇಲೆಯೇ ನಡೆಯುವ ಚಿತ್ರ, ಅದಕ್ಕೂ ಇದಕ್ಕೂ ನಿರ್ಮಾಪಕರಲ್ಲಿ ಒಬ್ಬ ಅದೇ ತಿಮೂರ್ ಬೆಕ್ಮಾಂಬೆತೊವ್. ಕಾಣೆಯಾದ ಮಗಳನ್ನು ಹುಡುಕುವ ಅಪ್ಪನಿಗೆ ಬೇಕಾದದ್ದೇನೆಂದು ಅಲ್ಲಿ ಯಾರೂ ವಿವರಿಸಬೇಕಿರಲಿಲ್ಲ. ಅವನು ಕೀಲಿಮಣೆ ಕುಟ್ಟಿದರೂ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು.

ಇಷ್ಟೆಲ್ಲ ತರ್ಕ ಯಾಕೆ, ನಗಲಿಕ್ಕಾದರೂ ಆಯಿತಲ್ಲ ಎನ್ನುವುದು ಕೊನೆಯ ವಾದ. ನಕ್ಕದ್ದು ಹೌದು. ರಿಚ್ ಲೀಯ ಚಿತ್ರದಲ್ಲಿ ಲೋಕ ಉಳಿಸುವ ಪೆನ್‌ಡ್ರೈವನ್ನು ಅಮೆಜಾನ್ ಡ್ರೋನ್ ಹೊತ್ತು ತರುತ್ತದೆ. ಅದನ್ನು ಕಳಿಸುವವನು ನಾಯಕನ ಮಗಳ ಪ್ರಿಯಕರ, ಅಮೆಜಾನಿನದೇ ಡೆಲಿವರಿ ಹುಡುಗ. ಚಿತ್ರ ಬಿಡುಗಡೆಯಾದದ್ದೂ ಅಮೆಜಾನ್ ಪ್ರೈಮ್‌ನಲ್ಲೇ. ಡ್ರೋನ್ ದಾರಿಯಲ್ಲಿ ಮಗುಚಿ ಬೀಳುತ್ತದೆ. ಅಲ್ಲೊಬ್ಬ ಬೀದಿಬದಿಯ ನಿರ್ಗತಿಕ. ಮನುಕುಲದ ಹಣೆಬರಹವೇ ಅವನ ಕಾಲ ಬಳಿ ಬಿದ್ದಿದ್ದರೂ, ಗಿಫ್ಟ್ ಕಾರ್ಡ್ ಕೊಡುತ್ತೇವೆಂದ ಮೇಲಷ್ಟೇ ಅವನು ಅದನ್ನು ಎತ್ತಿ ನಿಲ್ಲಿಸುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅರ್ಥವಾದ ಹಸಿವು ಅವನದೊಂದೇ.