ಐದು ರಾತ್ರಿಯ ಆಯವ್ಯಯ

ಹಣವನ್ನು ಖರ್ಚುಮಾಡಿ ಸುಖಪಡುವವರು ಲೋಕದಲ್ಲಿ ಬಹು ಮಂದಿ ಇದ್ದಾರೆ. ಆದರೆ ಮಾಡದ ಖರ್ಚನ್ನು ಕಾಗದದ ಮೇಲೆ ಬರೆದು, ಕೂಡಿ, ಕಳೆದು, ಕೆಳಗೆ ಎರಡು ಗೆರೆಗಳನ್ನೆಳೆದು, ಅವುಗಳ ನಡುವಣ ಮೊತ್ತವನ್ನು ಕಣ್ತುಂಬ ನೋಡಿ, ಯಾತ್ರೆಯನ್ನೇ ಮುಗಿಸಿಬಂದವನ ತೃಪ್ತಿಯಿಂದ ಪುಸ್ತಕವನ್ನು ಮಡಿಸಿಟ್ಟು ನಿದ್ರೆಹೋಗುವ ವಿದ್ಯೆಯು ಮೈಸೂರಿನ ಮಧ್ಯಮವರ್ಗದ ಗೃಹಸ್ಥರಿಗೆ ಸಿದ್ಧಿಸಿದಂತೆ ಮತ್ತಾರಿಗೂ ಸಿದ್ಧಿಸಿಲ್ಲವೆಂದು ನನ್ನ ನಂಬಿಕೆ. ನಮ್ಮ ತಂದೆಯವರು ಈ ವಿದ್ಯೆಯಲ್ಲಿ ಪಾರಂಗತರು. ಅವರ ಲೆಕ್ಕದ ಪುಸ್ತಕದಲ್ಲಿ ನಾವು ಎರಡು ಬಾರಿ ಕಾಶಿಗೂ ಒಂದು ಬಾರಿ ಕಾಶ್ಮೀರಕ್ಕೂ ಹೋಗಿಬಂದಿದ್ದೇವೆ. ರೈಲನ್ನು ಹತ್ತಿದ್ದು ಮಾತ್ರ ನಂಜನಗೂಡಿಗೆ.

ನ್ಯೂಜೆರ್ಸಿಗೆ ಬಂದು ನೆಲೆಸಿ ಹದಿನಾಲ್ಕು ವರ್ಷಗಳಾದರೂ ಆ ವಂಶಪಾರಂಪರ್ಯ ನನ್ನನ್ನು ಬಿಟ್ಟಿಲ್ಲ. ಆದುದರಿಂದ, ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಹೋಗಬೇಕು, ಹೋದರೆ ಅಲ್ಲಿನ ಗ್ರ್ಯಾಂಡ್ ಫ್ಲೊರಿಡಿಯನ್ ಎಂಬ ಹೋಟೆಲಿನಲ್ಲಿಯೇ ಐದು ರಾತ್ರಿ ತಂಗಬೇಕು ಎಂದು ನನ್ನ ಹೆಂಡತಿಯು ಒಂದು ಭಾನುವಾರ ಅವರೆಕಾಳು ಸುಲಿಯುತ್ತ ಘೋಷಿಸಿದಾಗ, ನಾನು ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. "ಒಂದು ಆಯವ್ಯಯ ಬರೆದು ನೋಡೋಣ" ಎಂದೆನು. ಆಕೆ ನನ್ನ ಮುಖವನ್ನು ನೋಡಿ, "ಬರೀರಿ, ಬರೀರಿ. ಕಾಶ್ಮೀರದ ಥರಾ ಮಾಡಬೇಡಿ ಅಷ್ಟೆ" ಎಂದಳು. ನಮ್ಮ ಮನೆತನದ ಚರಿತ್ರೆಯನ್ನು ಆಕೆಗೆ ಹೇಳಿಕೊಟ್ಟವರು ಊರಿನಿಂದ ಬಂದು ಅದೇ ಅವರೆಕಾಳಿನ ಮುಂದೆ ಕುಳಿತಿದ್ದ ನನ್ನ ತಾಯಿಯವರು.

ಹೋಟೆಲಿನ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಸರೋವರದ ದಡದಲ್ಲಿ ಶ್ವೇತವರ್ಣದ ಭವ್ಯ ಸೌಧ. ಅದರ ಮೇಲೆ ಕೆಂಪು ಮಾಡು. ಒಳಗೆ ಹಲವು ಅಂತಸ್ತುಗಳೆತ್ತರದ ಸಭಾಂಗಣ. 1988ರಲ್ಲಿ ಬಾಗಿಲು ತೆರೆದ ಈ ಕಟ್ಟಡವನ್ನು ವಿಕ್ಟೋರಿಯಾ ರಾಣಿಯ ಕಾಲದ ಕಡಲತೀರದ ಹೋಟೆಲುಗಳ ಮಾದರಿಯಲ್ಲಿ, ಹಳತಲ್ಲದಿದ್ದರೂ ಹಳತೆಂದು ತೋರುವಂತೆ, ನಿರ್ಮಿಸಿದ್ದಾರೆ. ಅಲ್ಲಿಂದ ಒಂಟಿ ಹಳಿಯ ರೈಲನ್ನು ಹತ್ತಿದರೆ ಸಿಂಡ್ರೆಲಾಳ ಕೋಟೆಯ ಬಾಗಿಲು. ಅಲ್ಲಿ ತಂಗಿದವರಿಗೆ ಉದ್ಯಾನದೊಳಕ್ಕೆ ಮಿಕ್ಕ ಭಕ್ತಾದಿಗಳಿಗಿಂತ ಅರ್ಧ ಗಂಟೆ ಮುಂಚಿತವಾಗಿ ಪ್ರವೇಶವುಂಟು. ವೈಕುಂಠ ಏಕಾದಶಿಯ ವಿಶೇಷ ದರ್ಶನದ ಚೀಟಿಯನ್ನು ಬಲ್ಲ ನಮಗೆ ಈ ಅರ್ಧ ಗಂಟೆಯ ಮಹಿಮೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅಮ್ಮ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ನಮ್ಮ ಲಲಿತಮಹಲ್ ಇದ್ದ ಹಾಗಿದೆ" ಎಂದರು. ಆ ಮೇಲೆ ಏನೋ ಹೇಳಲಿದ್ದವರು ಹೇಳದೆ ಅವರೆಕಾಳಿಗೆ ಮರಳಿದರು.

ಐವರು ಮಲಗಬಹುದಾದ ಕೊಠಡಿಗೆ, ನಾವು ನೋಡಿದ ವಾರದಲ್ಲಿ, ರಾತ್ರಿಯೊಂದಕ್ಕೆ 800 ಡಾಲರು. ಐದು ರಾತ್ರಿಗೆ 4,000. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ, ಕೌಂಟಿಯ ಪ್ರವಾಸಿ ತೆರಿಗೆ ಎಲ್ಲ ಸೇರಿ ನೂರಕ್ಕೆ ಹನ್ನೆರಡೂವರೆಯಂತೆ 500, ಅಂತು 4,500. ಪರದೇಶಕ್ಕೆ ಬಂದ ತಾಯಂದಿರು ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಎದೆ ಹಿಡಿದುಕೊಳ್ಳುವರೆಂಬುದು ಸರ್ವವಿದಿತ. ನನ್ನ ತಾಯಿಯವರ ಮಾನದಂಡ ಬೇರೆ. ಅವರು ಯಾವ ಮೊತ್ತವನ್ನಾದರೂ ನನ್ನ ಅಕ್ಕನ ಮದುವೆಯಿಂದ ಅಳೆಯುತ್ತಾರೆ. ಛತ್ರದ ಬಾಡಿಗೆ, ಅಡಿಗೆಯವರು, ವಾಲಗದವರು, ಬೀಗರ ಉಪಚಾರ ಎಲ್ಲವೂ ಕೂಡಿ ಅವರಿಗೆ ಒಂದು 'ಮದುವೆ'. ಈ ಲೆಕ್ಕದಲ್ಲಿ ಹೋಟೆಲಿನ ಒಂದು ರಾತ್ರಿಯೆಂದರೆ ಸುಮಾರು ಒಂದು ಮದುವೆ. "ಐದು ಮದುವೆ ಕಣೋ!" ಎಂದರು ಅಮ್ಮ, "ಆ ಛತ್ರದಲ್ಲಿ ಜಮಖಾನದ ಮೇಲೆ ಇನ್ನೂರು ಜನ ಮಲಗಿದ್ದರು. ಇಲ್ಲಿ ಐದೇ ಜನವೆ?"

ಮೊತ್ತವನ್ನು ಇಳಿಸುವ ಮಾರ್ಗಗಳನ್ನು ಪರ್ಯಾಲೋಚಿಸಿದೆವು. ಸುಮಾರು ನೂರು ಚದರ ಕಿಲೋಮೀಟರಿನಷ್ಟು ವಿಸ್ತಾರವಾದ ಆ ಮಾಯಾನಗರಿಯಲ್ಲಿ ಮತ್ತೆ ಎಷ್ಟೋ ಹೋಟೆಲುಗಳುಂಟು. ಒಂದರಲ್ಲಿ ಕೊಠಡಿಯ ಮುಂದಣ ಹುಲ್ಲುಗಾವಲಿನಲ್ಲಿ ಜಿರಾಫೆಗಳೂ ಜೀಬ್ರಾಗಳೂ ಸಂಚರಿಸುವುದನ್ನು ಬಿಸಿಲುಮಚ್ಚಿನಲ್ಲಿ ಕುಳಿತು ನೋಡಬಹುದು. ಇದು ಮಗಳಿಗೆ ರುಚಿಸಿತು. ಆದರೆ ಅದೂ ಅಗ್ಗದ್ದಲ್ಲ. ಅಮ್ಮನೋ, 1892ರಲ್ಲಿ ಸ್ಥಾಪಿತವಾದ ಮೃಗಾಲಯವುಳ್ಳ ಊರಿನವರು. ಜಿರಾಫೆಯೆಂಬುದು ಭಾನುವಾರ ಮಧ್ಯಾಹ್ನ ಕಡಲೆಕಾಯಿ ತಿನ್ನುತ್ತ ನೋಡತಕ್ಕ ಪ್ರಾಣಿಯೇ ಹೊರತು, ನಿದ್ರೆಯಿಂದೆದ್ದು ಮುಖ ತೊಳೆಯುವ ಮೊದಲು ನೋಡತಕ್ಕುದಲ್ಲ ಎಂದು ತೀರ್ಪಿತ್ತರು. ಅಲ್ಲಿಯ ಭೋಜನಶಾಲೆಯೊಂದರಲ್ಲಿ ನಾನ್ ಮೊದಲಾದ ರೊಟ್ಟಿಗಳನ್ನು ಒಂಬತ್ತು ಬಗೆಯ ಚಟ್ನಿ, ರಾಯಿತ, ಉಪ್ಪಿನಕಾಯಿಗಳೊಡನೆ ಬಡಿಸುವ ಪ್ರಸಿದ್ಧ ತಟ್ಟೆಯೊಂದಿದೆ ಎಂದು ಹೆಂಡತಿ ಓದಿ ಹೇಳಿದಳು. "ಚಟ್ನಿಗೂ ದುಡ್ಡು ಕೊಡಬೇಕೆ?" ಎಂದು ಅಮ್ಮ ಕೇಳಿದರು. ದರ್ಶಿನಿಯಲ್ಲಿ ಮೂರು ಬಾರಿ ಚಟ್ನಿ ಹಾಕಿಸಿಕೊಂಡು ಬೆಳೆದ ನಾಡಿನವರ ಈ ಪ್ರಶ್ನೆಗೆ ಸಮಾಧಾನಕರವಾದ ಉತ್ತರ ಅಮೆರಿಕದ ಅರ್ಥಶಾಸ್ತ್ರದಲ್ಲಿಲ್ಲ.

ಇಷ್ಟರಲ್ಲಿ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಮಿತ್ರರೊಬ್ಬರು, ಬಿಸಿಬೇಳೆಭಾತಿನ ಮೇಲೆ ಬೂಂದಿ ಉದುರಿಸಿಕೊಳ್ಳುತ್ತ, ನಾನು ಎಳೆಯ ಮಗುವೆಂಬಂತೆ ನಕ್ಕು, "ಪೂರ್ತಿ ಬಾಡಿಗೆ ಯಾರಾದರೂ ಕೊಡ್ತಾರೇನ್ರೀ? ಪಾಯಿಂಟ್ಸ್ ತಗೊಳ್ಳಿ" ಎಂದರು. 1991ರಿಂದ ನಡೆದುಬರುತ್ತಿರುವ ಡಿಸ್ನಿಯವರ ಈ ಪದ್ಧತಿಯ ಸಾರಾಂಶವೇನೆಂದರೆ, ಇಡಿಗಂಟು ತೆತ್ತು ವರುಷವರುಷವೂ ಇಷ್ಟು ಪಾಯಿಂಟುಗಳ ಹಕ್ಕನ್ನು ಪಡೆಯುವುದು. ಆ ಪಾಯಿಂಟುಗಳನ್ನು ರಾತ್ರಿಗಳನ್ನಾಗಿ ಮಾರ್ಪಡಿಸಿಕೊಳ್ಳುವುದು. ನಿರ್ವಹಣೆಯ ಬಾಬು ಪ್ರತಿವರ್ಷ ಬೇರೆ ಕಟ್ಟುವುದು. ಒಪ್ಪಂದದ ಅವಧಿ ತೀರಿದ ದಿನ, ಆರಂಭದ ದಿನಗಳಲ್ಲಿ ಕೊಂಡ ಹಲವರಿಗೆ ಅದು 2042, ಎಲ್ಲವನ್ನೂ ಬಿಟ್ಟು ಕೈಮುಗಿದು ಹೊರಡುವುದು. ಮಿತ್ರರು ಇದನ್ನು ಇಪ್ಪತ್ತು ನಿಮಿಷ ವಿವರಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವರು ಅರ್ಧ ವಾಕ್ಯದಲ್ಲಿ ಮುಗಿಸಿದರು: "ಭೋಗ್ಯ ಅನ್ನು."

ಸ್ವಂತಕ್ಕೆ ಬೇಡವಾದ ಪಾಯಿಂಟುಗಳನ್ನು ಸದಸ್ಯರು ಪರರಿಗೆ ಬಾಡಿಗೆಗೆ ಕೊಡುವುದೂ ಉಂಟೆಂದಾಗ, "ಹಾಗಾದರೆ ಅದು ಗೇಣಿ" ಎಂದರು. ಅವರ ತವರುಮನೆಯ ಗದ್ದೆಗಳು 1974ರ ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾದುವು. ಆದಕಾರಣ ಗೇಣಿಯೆಂಬ ಶಬ್ದ ಕಿವಿಗೆ ಬಿದ್ದೊಡನೆ ಅವರು ಸಹಜವಾಗಿ ಮಾಲೀಕನ ಪರವಾಗಿ ಕಳವಳಪಡುತ್ತಾರೆ. ನನಗೋ ಬೇರೊಂದು ಆಸೆ ಮೊಳೆಯಿತು. ದೇವರಾಜ ಅರಸರಂಥ ಪುಣ್ಯಾತ್ಮರೊಬ್ಬರು ಫ್ಲಾರಿಡಾದಲ್ಲಿ ಅಧಿಕಾರಕ್ಕೆ ಬಂದು, ಉಳುವವನೇ ಹೊಲದೊಡೆಯನೆಂದಂತೆ ಮಲಗಿದವನೇ ಮಂಚದೊಡೆಯನೆಂದು ಶಾಸನಮಾಡಿಬಿಟ್ಟರೆ, ನಾನು ಐದನೆಯ ರಾತ್ರಿ ಮಂಚದಿಂದ ಏಳುವವನೇ ಅಲ್ಲ.

ಗೇಣಿಯ ಮಾರ್ಗದಲ್ಲಿ ಉಳಿತಾಯವೇನೋ ಇತ್ತು. ಆದರೆ ದುಡ್ಡು ಒಮ್ಮೆ ಕೊಟ್ಟ ಮೇಲೆ ಮನಸ್ಸು ಬದಲಿಸುವುದು ಕಷ್ಟವೆಂದು ಮಿತ್ರರೇ ಒಪ್ಪಿಕೊಂಡರು. ಮನಸ್ಸು ಬದಲಿಸುವ ಸ್ವಾತಂತ್ರ್ಯವಿಲ್ಲದ ಯೋಜನೆಯು ನಮ್ಮ ವಂಶಕ್ಕೆ ಒಗ್ಗತಕ್ಕುದಲ್ಲ. ಆದುದರಿಂದ ಅದನ್ನು ಕೈಬಿಟ್ಟು, ಊಟದ ಬಾಬಿನಲ್ಲಿ ಕತ್ತರಿ ಆಡಿಸಿದೆವು. ಗಾಜಿನ ಪಾತ್ರೆಯೂ ಮದ್ಯವೂ ಇಲ್ಲದಿದ್ದರೆ ಮನೆಯ ತಿಂಡಿಯನ್ನು ಉದ್ಯಾನದೊಳಕ್ಕೆ ಒಯ್ಯಲು ಅಡ್ಡಿಯಿಲ್ಲವೆಂಬ ನಿಯಮವನ್ನು ಓದಿದಾಗ, ಅದನ್ನು ಬರೆದ ಪುಣ್ಯವಂತರು ಹಿಂದಿನ ಜನ್ಮದಲ್ಲಿ ನಮ್ಮವರೇ ಆಗಿದ್ದಿರಬೇಕೆನಿಸಿತು. ಚಪಾತಿ, ಟೊಮೇಟೊ ಗೊಜ್ಜು, ಕೋಡುಬಳೆ, ಪುಳಿಯೋಗರೆಯ ಗೊಜ್ಜು ಎಂದು ಅಮ್ಮ ಹೇಳುತ್ತ ಹೋದರು; ನಾನು ಬರೆಯುತ್ತ ಹೋದೆನು. ಊಟದ ಬಾಬು 1,000ಕ್ಕೆ ನಿಂತಿತು. ವಿಮಾನದಲ್ಲಿ ನಾಲ್ಕು ಆಸನಗಳಿಗೆ 1,000. ನಾಲ್ಕು ದಿನಗಳ ಪ್ರವೇಶದ ಚೀಟಿ, ದೊಡ್ಡವರಿಬ್ಬರಿಗೆ 650ರಂತೆ 1,300, ಮಗಳಿಗೆ 600. ಒಟ್ಟು 8,400 ಡಾಲರು. 1971ರ ಅಕ್ಟೋಬರಿನಲ್ಲಿ ಈ ಉದ್ಯಾನ ತೆರೆದಾಗ ದೊಡ್ಡವರ ಪ್ರವೇಶಧನ ಕೇವಲ ಮೂರೂವರೆ ಡಾಲರು ಇತ್ತೆಂಬುದನ್ನು ಓದಿ, ನಾನು ಹುಟ್ಟುವುದಕ್ಕೂ ಮುಂಚೆಯೇ ಒಂದು ಸದವಕಾಶವನ್ನು ಕಳೆದುಕೊಂಡೆನಲ್ಲಾ ಎಂದು ಮರುಗಿದೆನು.

ತಿಂಗಳಿಗೆ ಇನ್ನೂರು ಮುನ್ನೂರು ಎತ್ತಿಟ್ಟರೆ ಮೂರು ವರ್ಷಗಳಲ್ಲಿ ನಿಶ್ಚಿಂತೆಯಾಗಿ ಹೋಗಿಬರಬಹುದೆಂದು ಸಲಹೆಮಾಡಿದೆ. ಹೆಂಡತಿ ಆಗ ಪಂಚಾಂಗ ತೆರೆದಂತೆ ಆ ಉದ್ಯಾನದ ನಿಯಮಾವಳಿಯನ್ನು ತೆರೆದಳು. ಅಲ್ಲಿ ಮೂರು ತುಂಬದ ಮಕ್ಕಳಿಗೆ ಪ್ರವೇಶಧನವಿಲ್ಲ. ಹತ್ತು ತುಂಬಿದವರೆಲ್ಲರೂ ದೊಡ್ಡವರು. ನಮ್ಮ ಮಗನಿಗೆ ಮುಂದಿನ ಅಕ್ಟೋಬರಿಗೆ ಮೂರು. ಮಗಳಿಗೆ ಮುಂದಿನ ಸೆಪ್ಟೆಂಬರಿಗೆ ಹತ್ತು. ವಿಮಾನದವರ ದಯೆ ಎರಡನೆಯ ವರ್ಷಕ್ಕೇ ತೀರುವುದರಿಂದ ಮಗನಿಗೆ ಆಸನ ಹೇಗೂ ತಪ್ಪದು. ಆಗಸ್ಟಿನ ಕೊನೆಯ ವಾರದಲ್ಲಿ ಫ್ಲಾರಿಡಾದ ಶಾಲೆಗಳು ಆರಂಭವಾಗಿರುತ್ತವೆ, ನಮ್ಮವು ಇನ್ನೂ ಆಗಿರುವುದಿಲ್ಲ; ಜನಸಂದಣಿ ಕಡಿಮೆ. ಬಿಸಿಲುಂಟು, ಜೂನ್ 1ರಿಂದ ನವೆಂಬರ್ 30ರ ವರೆಗಿನ ಚಂಡಮಾರುತದ ಋತುವಿನ ಮಧ್ಯಕಾಲವೂ ಹೌದು. ಆದರೆ ಸರ್ವದೋಷರಹಿತವಾದ ಮುಹೂರ್ತವನ್ನು ಯಾವ ಜೋಯಿಸರು ತಾನೆ ತೆಗೆದುಕೊಟ್ಟಾರು? ತಿಂಗಳಿಗೆ 700ರಂತೆ ಹನ್ನೆರಡು ತಿಂಗಳು ಎಂದು ಆಕೆ ಬರೆದುಕೊಂಡಳು.

"ವಯಸ್ಸು ಅವರಿಗೆ ಹೇಗೆ ಗೊತ್ತಾಗತ್ತೆ?" ಎಂದು ನಾನು ಮೆಲ್ಲನೆ ಕೇಳಿದೆ. ಈ ಪ್ರಶ್ನೆ ನನ್ನದಲ್ಲ, ನನ್ನ ಬಾಲ್ಯದ್ದು. ನಮ್ಮ ಕಾಲದ ಸರ್ಕಾರಿ ಬಸ್ಸಿನಲ್ಲಿ ಆರು ತುಂಬದವರಿಗೆ ಚೀಟಿಯಿರಲಿಲ್ಲವಾಗಿ, ನಾನು ಎರಡೂವರೆ ವರ್ಷಗಳ ಪರ್ಯಂತ ಐದೂವರೆ ವರ್ಷದವನಾಗಿಯೇ ಮಂಡ್ಯಕ್ಕೂ ಮದ್ದೂರಿಗೂ ಪ್ರಯಾಣಮಾಡಿದ್ದೇನೆ. ಕಂಡಕ್ಟರು ಹತ್ತಿರ ಬಂದಾಗ ತಂದೆಯವರು ನನ್ನ ತಲೆಯನ್ನು ಒತ್ತಿ ಕುಳ್ಳಿರಿಸುತ್ತಿದ್ದರು. ಆದರೆ ನನ್ನ ಮಗಳು ಅಮೆರಿಕದ ಶಾಲೆಯಲ್ಲಿ ಸತ್ಯವನ್ನೇ ನುಡಿಯಬೇಕೆಂದು ಕಲಿತವಳು. "ಅಪ್ಪಾ, ಮೂರು ವರ್ಷ ಆದಮೇಲೆ ಹೋಗೋದಾದರೆ ನಾನು ಬರಲ್ಲ. ಆಗ ನನಗೆ ಸಿಂಡ್ರೆಲಾ ಇಷ್ಟ ಇರಲ್ಲ" ಎಂದು ಸತ್ಯವನ್ನೇ ನುಡಿದಳು. ನನ್ನ ಆಯವ್ಯಯದಲ್ಲಿ ತೆರಿಗೆಗೆ ಕಾಲಮ್ಮಿತ್ತು, ಕೋಡುಬಳೆಗೆ ಕಾಲಮ್ಮಿತ್ತು; ಇದಕ್ಕೆ ಇರಲಿಲ್ಲ.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಅಮ್ಮ, ಅವರೆಕಾಳಿನ ದಿನ ನುಂಗಿಕೊಂಡಿದ್ದ ಮಾತನ್ನು ಹೊರತೆಗೆದರು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಲಲಿತಮಹಲ್ ಅರಮನೆ 1974ರಲ್ಲಿ ಹೋಟೆಲಾಯಿತಷ್ಟೆ. ಅಲ್ಲಿ ಕುಳಿತು ಒಂದು ಬಟ್ಟಲು ಕಾಫಿ ಕುಡಿಯಬೇಕೆಂದು ಅಮ್ಮನಿಗೆ ಆಸೆ. ತಂದೆಯವರು ಅದನ್ನು ಪುಸ್ತಕದಲ್ಲಿ ಬರೆದರು: ಕಾಫಿ ಎರಡು, ಜಟಕಾ ಹೋಗಿಬರಲು, ಮಾಣಿಗೆ ಭಕ್ಷೀಸು. ಆರನೆಯ ವರ್ಷ ಒಂದು ಸಂಜೆ ಇಬ್ಬರೂ ಹೊರಟೇ ಹೊರಟರು. ಜಟಕಾ ಗೇಟಿನವರೆಗೆ ಹೋಯಿತು. ತಂದೆಯವರು ಇಳಿದು ಬೆಳ್ಳನೆಯ ಗುಮ್ಮಟಗಳನ್ನು ಎರಡು ನಿಮಿಷ ನೋಡಿ, "ಎಲ್ಲಾ ನೋಡಿದ ಹಾಗೇ ಆಯಿತಲ್ಲೇ" ಎಂದು ಜಟಕಾವನ್ನು ತಿರುಗಿಸಿದರು.

"ಮನೆಗೆ ಬಂದು ಕಾಫಿ ನಾನೇ ಮಾಡಿದೆ" ಎಂದು ಅಮ್ಮ ನಕ್ಕರು. "ಪುಸ್ತಕದಲ್ಲಿ ಉಳಿತಾಯ ಅಂತ ಬರೆದುಕೊಂಡರು, ಪಾಪ. ಆಮೇಲೆ ಆ ಉಳಿತಾಯ ಎಲ್ಲಿ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ." ಸ್ವಲ್ಪ ತಡೆದು, "ಆ ಬಿಳೀ ಹೋಟೆಲಿನಲ್ಲಿ ಕಾಫಿ ಕೊಡ್ತಾರೇನೋ?" ಎಂದು ಕೇಳಿದರು.

ನಾನು ಉತ್ತರ ಹೇಳದೆ ಪುಸ್ತಕವನ್ನು ತೆರೆದೆ. ನನ್ನ ಇಡೀ ಆಯವ್ಯಯದಲ್ಲಿ ಉಳಿತಾಯವೆಂಬ ತಲೆಬರಹದ ಕೆಳಗೆ ಇದ್ದುದು ಒಂದೇ ನಮೂದು: ಅಮ್ಮ ಬರುವುದಿಲ್ಲವೆನ್ನುತ್ತಾರೆ, ವಿಮಾನ 250, ಪ್ರವೇಶ 650, ಒಟ್ಟು 900. ಅದನ್ನು ಹೊಡೆದುಹಾಕಿ, ಮೊತ್ತವನ್ನು 9,300 ಎಂದು ತಿದ್ದಿ, ಕೆಳಗೆ ಹೊಸದಾಗಿ ಎರಡು ಗೆರೆಗಳನ್ನೆಳೆದೆನು. ಈ ಸಲ ಪುಸ್ತಕವನ್ನು ಮಡಿಸುವ ಮುನ್ನ ಹೆಂಡತಿಯನ್ನು ಕರೆದು ಕೊಠಡಿಯನ್ನು ಕಾದಿರಿಸಿದೆವು: ಮುಂದಿನ ಆಗಸ್ಟ್, ಕೊನೆಯ ವಾರ, ಐದು ರಾತ್ರಿ, ಐದು ಜನ.