ಘಾತಾಂಕದ ಮೇಷ್ಟ್ರು

ಎಂಟನೆಯ ತರಗತಿಗೆ ಗಣಿತ ಕಲಿಸುವ ಉಪಾಧ್ಯಾಯರಲ್ಲಿ ಹಲವು ಪ್ರಭೇದಗಳಿದ್ದರೂ, ಸಂಖ್ಯೆಯ ಬೆಲೆಗಿಂತ ಅದರ ಉಡುಪಿನ ಬಗ್ಗೆಯೇ ಹೆಚ್ಚು ಕಾಳಜಿ ವಹಿಸುವ ಘಾತಾಂಕದ ಮೇಷ್ಟ್ರನ್ನು ಗುರುತಿಸುವುದು ಕಷ್ಟವಲ್ಲ. ಸೊನ್ನೆಗಳು ಸಾಲಾಗಿ ನಿಂತದ್ದನ್ನು ಕಂಡೊಡನೆ ಅವರ ಕೈ ಸೀಮೆಸುಣ್ಣಕ್ಕಾಗಿ ಜೇಬನ್ನು ತಡಕುತ್ತದೆ. ಒಂದು ಅಥವಾ ಅದಕ್ಕಿಂತ ಹೆಚ್ಚಿನ, ಆದರೆ ಹತ್ತನ್ನು ಮುಟ್ಟದ ಒಂದು ಸಂಖ್ಯೆಯನ್ನು ಹತ್ತರ ಘಾತದಿಂದ ಗುಣಿಸಿ ಬರೆಯುವ ಕ್ರಮಕ್ಕೆ ಆದರ್ಶ ರೂಪ ಅಥವಾ ವೈಜ್ಞಾನಿಕ ಸಂಕೇತವೆಂದು ಹೆಸರು. ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವಾದ ಸುಮಾರು 14,96,00,000 ಕಿಲೋಮೀಟರು ಈ ಕ್ರಮದಲ್ಲಿ 1.496 × 10⁸ ಆಗುತ್ತದೆ. ದಶಮಾಂಶ ಬಿಂದು ಎಡಕ್ಕೆ ಎಂಟು ಸ್ಥಾನ ಸರಿದುದರಿಂದ ಹತ್ತರ ತಲೆಯ ಮೇಲಿನ ಘಾತಾಂಕವೂ ಎಂಟು. ಪತ್ರಿಕೆಗಳಲ್ಲಿ 14.96 ಕೋಟಿ ಎಂದು ಓದಿಕೊಂಡ ಹುಡುಗನೊಬ್ಬ, ಕೋಟಿಗೆ ಏಳು ಸೊನ್ನೆಯೆಂದು ಬೆರಳು ಮಡಚಿ ಎಣಿಸಿ, 14.96 × 10⁷ ಎಂದು ಬರೆದು, “ಬೆಲೆ ಸರಿಯಾಗೇ ಇದೆಯಲ್ಲ ಸಾರ್” ಎಂದು ವಾದಿಸಿದರೆ, “ಹದಿನಾಲ್ಕು ಹತ್ತಕ್ಕಿಂತ ಕಡಿಮೆಯೇನೋ?” ಎಂಬ ಒಂದೇ ಪ್ರಶ್ನೆಯಿಂದ ಮೇಷ್ಟ್ರು ಅರ್ಧ ಅಂಕವನ್ನು ಕತ್ತರಿಸುತ್ತಾರೆ.

ಆದರೂ ಋಣ ಘಾತಾಂಕದ ವಿಷಯದಲ್ಲಿ ಅವರ ತಾಳ್ಮೆ ಮೆಚ್ಚತಕ್ಕದ್ದೇ. ಕೆಂಪು ರಕ್ತಕಣದ ವ್ಯಾಸ ಸುಮಾರು 7 × 10⁻⁶ ಮೀಟರು ಎಂದೊಡನೆ, ರಕ್ತಕಣವು ಸೊನ್ನೆಗಿಂತಲೂ ಚಿಕ್ಕದೆಂದು ಭಾವಿಸಿ ಏಳರ ಮುಂದೆಯೂ ಕಳೆಯುವ ಚಿಹ್ನೆ ಹಾಕುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಆ ಚಿಹ್ನೆಗೆ ಏಳನ್ನು ಹತ್ತರಿಂದ ಆರು ಸಲ ಭಾಗಿಸಬೇಕೆಂಬುದಷ್ಟೇ ಅರ್ಥವೆಂದು ಅವರು ಪ್ರತಿ ವರ್ಷವೂ ಅದೇ ಉತ್ಸಾಹದಿಂದ ವಿವರಿಸುತ್ತಾರೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆಂಬುದನ್ನು ಅವರು ಎದೆಯುಬ್ಬಿಸಿ ಹೇಳಿ, ಮರುಕ್ಷಣವೇ ಅಷ್ಟನ್ನೂ ಅಳಿಸಿ 10²³ ಎಂದು ಬರೆದು ಅದಕ್ಕೂ ಎದೆಯುಬ್ಬಿಸುವುದರಿಂದ, ಹೆಮ್ಮೆ ಪಡಬೇಕಾದದ್ದು ಯಾವುದಕ್ಕೆಂದು ತರಗತಿಗೆ ತಿಳಿಯುವುದಿಲ್ಲ.

ಮನೆಯಲ್ಲಿ ಈ ವಿದ್ಯೆಗೆ ಅಷ್ಟು ಮರ್ಯಾದೆಯಿಲ್ಲ. ಸಂಬಳ 6 × 10⁴, ಮನೆ ಸಾಲ 2.4 × 10⁶, ಘಾತಾಂಕಗಳ ವ್ಯತ್ಯಾಸ ಬರೀ ಎರಡು ಎಂದು ಅವರು ಸಮಾಧಾನ ಹೇಳಿದರೆ, ಸಾರಿಗೆ ಒಗ್ಗರಣೆ ಹಾಕುತ್ತಲೇ ಭಾಗಾಕಾರ ಮುಗಿಸುವ ಹೆಂಡತಿ, “ಹಾಗಾದರೆ ನಲವತ್ತು ತಿಂಗಳು ಯಾರೂ ಊಟ ಮಾಡೋದು ಬೇಡ ಅನ್ನಿ” ಎನ್ನುತ್ತಾರೆ.

ಈ ಪ್ರಭೇದದ ಪೂರ್ಣ ಸ್ವರೂಪ ಕಾಣುವುದು ಮಗಳ ಮದುವೆಯಲ್ಲಿ. ಕರೆದವರ ಪಟ್ಟಿ 1,449 ಜನರಿಗೆ ಮುಟ್ಟಿದಾಗ, ದೊಡ್ಡ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಂದಾಜಿಗೆ ಬಿಡಬಹುದೆಂಬ ನಿಯಮವನ್ನು ಅನುಸರಿಸಿ ಅವರು ಅಡುಗೆ ಭಟ್ಟರಿಗೆ 1.4 × 10³ ಎಂದು ಚೀಟಿ ಬರೆದು ಕೊಡುತ್ತಾರೆ; ನಿಯಮದಲ್ಲಿ ತಪ್ಪಿಲ್ಲ, ಆದರೆ ಅಂದಾಜಿನಲ್ಲಿ ಕಳೆದುಹೋದ 49 ಜನರೂ ಪಂಕ್ತಿಯಲ್ಲಿ ಬಂದು ಕೂರುವವರೇ, ಅವರಲ್ಲಿ ಬೀಗರ ಕಡೆಯವರೂ ಇರುವವರೇ. ಭಟ್ಟರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಿವಿಗೆ ಸಿಕ್ಕಿಸಿಕೊಂಡು, ವಾಡಿಕೆಯಂತೆ ಸಾವಿರದ ಐನೂರು ಎಲೆಗೆ ಅಕ್ಕಿ ಅಳೆಸುತ್ತಾರೆ. ಊಟ ಮುಗಿದು, ಯಾರಿಗೂ ಪಾಯಸ ಕಡಿಮೆಯಾಗಲಿಲ್ಲವೆಂದು ಖಚಿತವಾದ ಮೇಲೆ, ಮೇಷ್ಟ್ರು ಲೆಕ್ಕದ ಪುಸ್ತಕದಲ್ಲಿ 1.4 ಅನ್ನು ಹೊಡೆದು 1.5 ಎಂದು ತಿದ್ದಿ, ಘಾತಾಂಕ ಮೊದಲಿನಿಂದಲೂ ಸರಿಯಾಗಿಯೇ ಇತ್ತೆಂದು ಬೀಗರಿಗೆ ತೋರಿಸುತ್ತಾರೆ.