ರಾಕ್ ಆಲ್ಬಮ್ಮಿನ ಮೂಲ ಮೊಳಕಾಲ್ಮುರು: ಒಂದು ಗುಂಡು ಸಂಶೋಧನೆ

ಗಂಡಹೆಂಡಿರು ಕೂಡಿ ರಾಜಕೀಯದ ರಾಕ್ ಆಲ್ಬಮ್ ತಂದದ್ದು 1972ರ ಜೂನ್‌ನಲ್ಲಿ, ತಂದವರು ಜಾನ್ ಲೆನನ್ ಮತ್ತು ಯೋಕೊ ಓನೊ, ಅದರ ಹೆಸರು ‘ಸಮ್ ಟೈಮ್ ಇನ್ ನ್ಯೂಯಾರ್ಕ್ ಸಿಟಿ’ ಎಂದು ಪಾಶ್ಚಾತ್ಯ ವಿದ್ವಾಂಸರು ನಂಬಿಕೊಂಡಿದ್ದಾರೆ. ಪಾಪ, ಅವರು ಯಾರೂ ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಮೊಳಕಾಲ್ಮುರು ಸೀಮೆಗೆ ಬಂದವರಲ್ಲ. ಬಂದಿದ್ದರೆ, ಈ ಜಾತಿಯ ಮೊದಲ ಆಲ್ಬಮ್ ಕ್ರಿ.ಪೂ. 3ನೆಯ ಶತಮಾನದಲ್ಲೇ ಇದೊಂದೇ ತಾಲ್ಲೂಕಿನ ಮೂರು ಕಡೆ, ಅಂದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿಡುಗಡೆಯಾದದ್ದು ಕಣ್ಣಿಗೆ ರಾಚುತ್ತಿತ್ತು. ಕಲಾವಿದ: ಅಶೋಕ. ರಾಕ್ ಎಂದರೆ ಬಂಡೆ. ಇದಕ್ಕಿಂತ ಅಪ್ಪಟ ರಾಕ್ ಆಲ್ಬಮ್ ಇದ್ದರೆ ಎದುರುಪಕ್ಷದವರು ಹೊತ್ತು ತರಲಿ.

ಮೊದಲು ಶಬ್ದವಿಚಾರ. ನಮ್ಮ ಕಡೆ ಬಂಡೆಗೆ ಗುಂಡು ಅನ್ನುತ್ತಾರೆ. ಬ್ರಹ್ಮಗಿರಿಯ ಶಾಸನದ ಬಂಡೆ ಅಕ್ಷರಗುಂಡು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಗುಂಡಿಗೂ ರಾಕ್ ಕಲಾವಿದರಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ‘ರೋಲ್’ ಎಂಬುದು ಉರುಳುಸೇವೆಯಲ್ಲದೆ ಮತ್ತೇನು? ಊರಿನ ಹೆಸರನ್ನೇ ಒಡೆದು ಓದಿ: ಮೊಳಕಾಲು ಮುರಿ. ಮೊದಲ ಶ್ರೋತೃಗಳು ಹೇಗೆ ಕುಣಿದಿರಬೇಕೆಂಬುದಕ್ಕೆ ಬೇರೆ ಆಧಾರ ಬೇಡ. ಈ ಹೆಸರಿಗೆ ಬೇರೆ ನಿಷ್ಪತ್ತಿಗಳನ್ನು ಹೇಳುವವರೂ ಇರಬಹುದು. ನಮ್ಮ ವಾದಕ್ಕೆ ಒದಗದ ಕಾರಣ ಅವು ಅವೈಜ್ಞಾನಿಕ.

ಹೊದಿಕೆಯ ಮೇಲೆ ಕಲಾವಿದನ ಹೆಸರಿಲ್ಲ. ‘ದೇವಾನಾಂಪಿಯ’ ಎಂಬ ರಂಗನಾಮವಷ್ಟೇ ಇದೆ. 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನು ಪತ್ತೆಹಚ್ಚಿದಾಗಲೂ ಹೆಸರು ಸಿಗಲಿಲ್ಲ. ಅದು ಬಂಡೆಯ ಮೇಲೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ವಿತರಣೆ ಮಾತ್ರ ಅಚ್ಚುಕಟ್ಟು: ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ದಾಟಿಸಿದ್ದಾರೆ. ಮೇಲಿನ ಕಚೇರಿ ಕೆಳಗಿನ ಕಚೇರಿಯ ಆರೋಗ್ಯ ವಿಚಾರಿಸಿದ್ದಕ್ಕೆ ಅದಾದ ಮೇಲೆ ಈ ಜಿಲ್ಲೆಯಲ್ಲಿ ದಾಖಲೆ ಸಿಕ್ಕಿದಂತಿಲ್ಲ. ಇಸಿಲ ಎಂಬುದು ಕನ್ನಡದ ಮಾತೇ ಎಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ದರು. ಅಲ್ಲಿಗೆ ಪ್ರಾಕೃತದ ಈ ಆಲ್ಬಮ್ಮಿನಲ್ಲಿ ಕನ್ನಡಕ್ಕೆ ದಕ್ಕಿದ್ದು ವಿಳಾಸ ಮಾತ್ರ.

ಸಾಹಿತ್ಯವೂ ಲೆನನ್‌ನದನ್ನೇ ಹೋಲುತ್ತದೆ, ಅಂದರೆ ಉಪದೇಶ ಜಾಸ್ತಿ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೇಲಾಯಿತು, ಮೊದಲು ಒಂದು ವರ್ಷ ಅಷ್ಟೇನೂ ಶ್ರಮಿಸಲಿಲ್ಲ ಎಂದು ದೊರೆ ಒಪ್ಪಿಕೊಳ್ಳುತ್ತಾನೆ. ಆಳುವವನೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೊರೆಸಿದ್ದೇ ಈ ಆಲ್ಬಮ್ಮಿನ ಅತ್ಯಂತ ಕ್ರಾಂತಿಕಾರಿ ಹಾಡು ಎಂದು ಈ ಲೇಖಕನ ಮತ. ಮಿಕ್ಕದ್ದು ತಂದೆತಾಯಿ ಮಾತು ಕೇಳಿ, ನಿಜ ಹೇಳಿ, ಗುರುಗಳಿಗೆ ಮರ್ಯಾದೆ ಕೊಡಿ ಎಂಬ ಧಾಟಿಯದು. ಲೆನನ್‌ಗೆ ಹಿಮ್ಮೇಳ ‘ಎಲಿಫೆಂಟ್ಸ್ ಮೆಮೊರಿ’ ಎಂಬ ತಂಡ. ಅಶೋಕನೂ ಧೌಲಿಯ ಬಂಡೆಯ ಮೇಲೆ ಆನೆ ಕೆತ್ತಿಸಿದ. ಹಾಡಿದ ತಪ್ಪಿಗೆ ಲೆನನ್‌ನನ್ನು ಅಮೆರಿಕದಿಂದ ಹೊರಹಾಕಲು ನಿಕ್ಸನ್ ಸರ್ಕಾರ ಹೆಣಗಾಡಿತು. ಇಲ್ಲಿ ಗಡೀಪಾರಿನ ಅಧಿಕಾರ ಕಲಾವಿದನ ಕೈಯಲ್ಲೇ ಇದ್ದುದರಿಂದ ಆ ತೊಂದರೆ ಬರಲಿಲ್ಲ.

ಶಾಸನದಲ್ಲಿ ಬರುವ 256 ಎಂಬ ಅಂಕಿಯನ್ನು ಸಂಚಾರದಲ್ಲಿ ಕಳೆದ ರಾತ್ರಿಗಳೆಂದು ಓದುತ್ತಾರೆ. ಅದು ಧ್ವನಿಯ ಗುಣಮಟ್ಟ, 256 ಕೆಬಿಪಿಎಸ್, ಎಂಬುದು ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗಳು ಬಂದ ಮೇಲೂ ಯಾರಿಗೂ ಹೊಳೆಯದಿದ್ದುದು ಆಶ್ಚರ್ಯ. ಧ್ವನಿಮುದ್ರಕ ಚಪಡ ಎಂಬ ಲಿಪಿಕಾರ. ಪೂರ್ತಿ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ಗಾಂಧಾರದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುತ್ತದೆ. ಬೀಟಲ್ಸ್ 1966ರ ‘ರೇನ್’ ಹಾಡಿನ ಕೊನೆಗೆ ದನಿಯನ್ನು ಹಿಂದುಮುಂದಾಗಿ ನುಡಿಸಿದ್ದು ಚಪಡನಿಂದ ಕದ್ದ ವಿದ್ಯೆ.

ಇಷ್ಟಾದರೂ ಪೂರ್ವಪಕ್ಷವೊಂದು ಉಳಿಯುತ್ತದೆ: ಆಲ್ಬಮ್ ದಂಪತಿಯದಲ್ಲವೆ, ಹೆಂಡತಿ ಎಲ್ಲಿ? ‘ಇಮ್ಯಾಜಿನ್’ ಹಾಡಿನ ರಚನೆಯಲ್ಲಿ ಯೋಕೊಗೂ ಪಾಲಿದೆ ಎಂದು ಅಮೆರಿಕದ ಸಂಗೀತ ಪ್ರಕಾಶಕರ ಸಂಘ ಸಾರಿದ್ದು 2017ರಲ್ಲಿ, ಹಾಡು ಬಂದು 46 ವರ್ಷಕ್ಕೆ. ಅಶೋಕನಾದರೋ ತೀವರನ ತಾಯಿ, ಎರಡನೆಯ ರಾಣಿ ಕಾರುವಾಕಿ ಕೊಟ್ಟ ದಾನಗಳನ್ನು ಅವಳ ಹೆಸರಿಗೇ ಬರೆಯಬೇಕೆಂದು ಆಗಲೇ ಅಪ್ಪಣೆ ಮಾಡಿದ. ದುರದೃಷ್ಟಕ್ಕೆ ಆ ಅಪ್ಪಣೆ ಇರುವುದು ಅಲಹಾಬಾದಿನಲ್ಲಿ, ಅದೂ ಕಂಬದ ಮೇಲೆ. ಕಂಬವೂ ಕಲ್ಲೇ ಎಂದು ಸಾಧಿಸಬಹುದು. ಅಲಹಾಬಾದೂ ಮೊಳಕಾಲ್ಮುರು ತಾಲ್ಲೂಕೇ ಎಂದು ಸಾಧಿಸಲು ಇನ್ನಷ್ಟು ಸಂಶೋಧನೆ ಬೇಕು.

ಅಲ್ಲಿಯವರೆಗೆ ಬಳೆಗಾರರ ಗುಂಡನ್ನೇ ಸಾಕ್ಷಿಗೆ ಕರೆಯೋಣ. ಗುಡಿಯ ದಾರಿಯಲ್ಲಿರುವ ಈ ಬಂಡೆಯ ಮೇಲೆ ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹೂಡುತ್ತಿದ್ದರು. ಚಪ್ಪರದ ಗೂಟಕ್ಕೆಂದು ತೋಡಿದ ಕುಳಿಗಳಿವೆ. ಕೂತು ಎದ್ದು ತುಳಿದು ಚಕ್ರವರ್ತಿಯ ಅಕ್ಷರಗಳೇ ಸವೆದುಹೋಗಿವೆ. ದೇವಾನಾಂಪಿಯನ ಆಜ್ಞೆಯ ಮೇಲೆ ಮಲಾರ ಬಿಚ್ಚಿದೆ, ಹೆಂಡತಿ ಕೈ ನೀಡಿ ಕೂತಿದ್ದಾಳೆ, ಗಂಡ ನಿಂತಲ್ಲೇ ಚೌಕಾಸಿ ಮಾಡುತ್ತಿದ್ದಾನೆ, ಹಸಿರು ಗಾಜು ಒಂದೊಂದೇ ಮುಂಗೈಗೆ ಇಳಿದು ಘಲ್ ಎನ್ನುತ್ತಿದೆ.